ಇರುಳ ಕಾವಲಿನ ಒಳಗಾಯಗಳು

ರಜೆಯಲ್ಲಿ ಯೂರೋಪ್ ಪ್ರವಾಸಕ್ಕೆ ಹೊರಡುವ ನಮ್ಮ ಸದಸ್ಯರು ಆಮ್‌ಸ್ಟರ್‌ಡ್ಯಾಮಿಗೆ ಹೋದರೆ ಅಲ್ಲಿಯ ರೈಕ್ಸ್ ಮ್ಯೂಸಿಯಮ್ಮನ್ನು ನೋಡದೆ ಬರುವುದು ಅಪರೂಪ. ಡಚ್ ಚಿತ್ರಕಾರ ರೆಂಬ್ರಾಂಟನ ‘ನೈಟ್ ವಾಚ್’, ಎಂದರೆ ‘ಇರುಳ ಕಾವಲು’, ಎಂಬ ತೈಲಚಿತ್ರ ಅಲ್ಲಿದೆ. 2019ರ ಜುಲೈನಿಂದೀಚೆಗೆ ಹೋದವರು ಆ ಚಿತ್ರವನ್ನು ಒಂದು ಗಾಜಿನ ಕೋಣೆಯೊಳಗೆ, ಯಂತ್ರಗಳ ನಡುವೆ ಕಂಡಿರಬೇಕು. “ಏನೋ ರಿಪೇರಿ ನಡೀತಾ ಇತ್ತು, ಚಿತ್ರ ಸರಿಯಾಗಿ ಕಾಣಲಿಲ್ಲ” ಎಂದು ಬೇಸರಪಟ್ಟುಕೊಂಡು ಬಂದವರೂ ಉಂಟು. ಆದರೆ ಮೊದಲ ಐದು ವರ್ಷ ಅಲ್ಲಿ ನಡೆದದ್ದು ಬಹುಮಟ್ಟಿಗೆ ರಿಪೇರಿಯಲ್ಲ, ತಪಾಸಣೆ. ಅದರ ಹಿಂದಿನ ಕಥೆಯನ್ನು ಓದುಗರ ಮುಂದಿಡಬೇಕೆಂದು ಈ ಲೇಖನ.

ನಮ್ಮ ಊರ ಸಂತೆಗಳಲ್ಲಿ ಮಡಕೆ ಕೊಳ್ಳುವ ಹೆಂಗಸರು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡುವುದನ್ನು ಎಲ್ಲರೂ ಬಲ್ಲೆವು. ಒಳಗೆ ಬಿರುಕಿದ್ದರೆ ನಾದ ಹೇಳಿಬಿಡುತ್ತದೆ. ಒಡೆದು ನೋಡಿದರೂ ಬಿರುಕು ತಿಳಿಯುತ್ತದೆ, ಆದರೆ ಆಮೇಲೆ ಮಡಕೆ ಇರುವುದಿಲ್ಲ. ಹಳೆಯ ತೈಲಚಿತ್ರಗಳ ವಿಷಯದಲ್ಲಿ ಮನುಷ್ಯನಿಗೆ ಈ ತಟ್ಟಿ ನೋಡುವ ವಿದ್ಯೆ ಕೈಗೆ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಚಿತ್ರದ ಒಳಗೇನಾಗಿದೆ ಎಂದು ತಿಳಿಯದೆಯೇ ಚಿಕಿತ್ಸೆ ಮಾಡುತ್ತಿದ್ದರು. ‘ಇರುಳ ಕಾವಲು’ ಅಂಥ ಚಿಕಿತ್ಸೆಗಳನ್ನು ಹೇರಳವಾಗಿ ಅನುಭವಿಸಿದ ಚಿತ್ರ.

ರೆಂಬ್ರಾಂಟ್ ಇದನ್ನು 1642ರಲ್ಲಿ ಮುಗಿಸಿದ. ಆಮ್‌ಸ್ಟರ್‌ಡ್ಯಾಮಿನ ಬಂದೂಕುಧಾರಿ ನಾಗರಿಕ ಪಡೆಯವರು ತಮ್ಮ ಸಭಾಭವನಕ್ಕಾಗಿ ಬರೆಸಿದ ಚಿತ್ರ. ಕಪ್ಪು ಉಡುಪಿನ ಕ್ಯಾಪ್ಟನ್ ಫ್ರಾನ್ಸ್ ಬಾನಿಂಗ್ ಕಾಕ್ ಕೈ ಮುಂದೆ ಚಾಚಿ ಹೊರಡುವ ಅಪ್ಪಣೆ ಕೊಡುತ್ತಿದ್ದಾನೆ. ಹೊನ್ನಬಣ್ಣದ ಅಂಗಿ ತೊಟ್ಟ ಲೆಫ್ಟಿನೆಂಟ್ ವಾನ್ ರೌಟೆನ್‌ಬರ್ಗ್ ಪಕ್ಕದಲ್ಲಿದ್ದಾನೆ. ಹಿಂದೆ ಗದ್ದಲ, ಡೋಲು, ಬೊಗಳುವ ಒಂದು ನಾಯಿ. ವಾಸ್ತವವಾಗಿ ಇದು ಇರುಳೂ ಅಲ್ಲ, ಕಾವಲೂ ಅಲ್ಲ. ಹಗಲು ಹೊತ್ತಿನಲ್ಲಿ ಪಡೆ ಹೊರಡುವ ದೃಶ್ಯ. ವಾರ್ನಿಷ್ ಕಂದಿ, ಅದರ ಮೇಲೆ ಕೊಳೆ ಕೂತು, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಹಗಲು ಇರುಳಾಯಿತು. ಜನ ಕಂಡದ್ದಕ್ಕೆ ಹೆಸರಿಟ್ಟರು. ಒಂದು ಚಿತ್ರದ ಕಾಯಿಲೆಯೇ ಅದರ ಹೆಸರಾಗಿ ನಿಂತ ಇನ್ನೊಂದು ಉದಾಹರಣೆ ನಮಗೆ ಗೊತ್ತಿಲ್ಲ.

ಈ ಚಿತ್ರದ ಮೇಲಾದ ದಾಳಿಗಳು ಎಲ್ಲರಿಗೂ ಗೊತ್ತಿರುವಂಥವು. 1911ರಲ್ಲಿ ಒಬ್ಬ ಚಾಕು ಹಾಕಿದ. ಅದು ವಾರ್ನಿಷನ್ನು ದಾಟಲಿಲ್ಲ. 1975ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಊಟದ ಮೇಜಿನ ಹಲ್ಲುಚಾಕುವಿನಿಂದ ಹತ್ತಕ್ಕೂ ಹೆಚ್ಚು ಕಡೆ ಸೀಳಿದ. ಈ ಸಲ ಕ್ಯಾನ್ವಾಸೇ ಹರಿಯಿತು. 1990ರ ಏಪ್ರಿಲಿನಲ್ಲಿ ಮೂರನೆಯವನು ಆಮ್ಲ ಸಿಂಪಡಿಸಿದ. ಕಾವಲುಗಾರರು ಕೂಡಲೇ ನೀರು ಹಾಕಿದ್ದರಿಂದ ಬಣ್ಣ ಉಳಿಯಿತು. ಪತ್ರಿಕೆಗಳು ಬರೆಯುವುದು ಇವುಗಳನ್ನೇ. ಆದರೆ ನಮ್ಮ ದೃಷ್ಟಿಯಲ್ಲಿ ಕತ್ತಿ ಹಾಕಿದವರಿಗಿಂತ ಕತ್ತರಿ ಹಾಕಿದವರಿಂದ ಆದ ನಷ್ಟವೇ ಹೆಚ್ಚು. 1715ರಲ್ಲಿ ಚಿತ್ರವನ್ನು ನಗರಸಭಾ ಭವನಕ್ಕೆ ಸಾಗಿಸಿದಾಗ ಅಲ್ಲಿಯ ಗೋಡೆಗೆ ಅದು ಹಿಡಿಸಲಿಲ್ಲ. ಗೋಡೆ ಬದಲಿಸುವ ಬದಲು ಚಿತ್ರವನ್ನೇ ನಾಲ್ಕೂ ಕಡೆ ಕತ್ತರಿಸಿದರು. ಎಡಗಡೆ ಸುಮಾರು 60 ಸೆಂಟಿಮೀಟರ್ ಹೋಯಿತು, ಅದರ ಜೊತೆಗೆ ಇಬ್ಬರು ಆಳುಗಳು ಮತ್ತು ಒಂದು ಮಗು. ಕತ್ತರಿಸಿದ ಚೂರುಗಳು ಇಂದಿಗೂ ಸಿಕ್ಕಿಲ್ಲ. ಅವುಗಳಲ್ಲಿ ಏನಿತ್ತು ಎಂದು ತಿಳಿಯುವುದು, ಹದಿನೇಳನೆಯ ಶತಮಾನದಲ್ಲೇ ಗೆರಿಟ್ ಲುಂಡೆನ್ಸ್ ಎಂಬಾತ ಮಾಡಿದ ಒಂದು ಸಣ್ಣ ಪ್ರತಿಯಿಂದ.

ಇನ್ನು ಚಿಕಿತ್ಸೆಗಳು. ಕ್ಯಾನ್ವಾಸ್ ಹಳತಾಗಿ ಶಿಥಿಲವಾದಾಗ ಅದರ ಬೆನ್ನಿಗೆ ಹೊಸ ಬಟ್ಟೆ ಅಂಟಿಸುವುದು ಹಿಂದಿನ ಪದ್ಧತಿ. 1851ರಲ್ಲಿ ನಿಕೊಲಾಸ್ ಹಾಪ್‌ಮನ್ ಎಂಬ ಕುಶಲಿ ‘ಇರುಳ ಕಾವಲಿ’ಗೆ ಜೇನುಮೇಣ ಮತ್ತು ರಾಳಗಳನ್ನು ಕರಗಿಸಿ, ಆ ಮಿಶ್ರಣದಿಂದ ಹೊಸ ಬಟ್ಟೆ ಅಂಟಿಸಿದ. ಇದು ಮುಂದೆ ‘ಡಚ್ ವಿಧಾನ’ವೆಂದೇ ಪ್ರಸಿದ್ಧವಾಗಿ ಯೂರೋಪಿನಾದ್ಯಂತ ಹಬ್ಬಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿತ್ರವನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿ, ಕೊನೆಗೆ ಮಾಸ್ಟ್ರಿಕ್ಟ್ ಊರಿನ ಬಳಿಯ ಗುಡ್ಡದ ಗವಿಗಳಲ್ಲಿ ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ಮತ್ತೊಮ್ಮೆ ಮೇಣ. 1975ರ ಕತ್ತಿಯೇಟಿನ ನಂತರ ಇನ್ನೊಮ್ಮೆ ಮೇಣ. ಮಾಡಿದವರೆಲ್ಲ ಆಯಾ ಕಾಲದ ಶ್ರೇಷ್ಠ ಕೆಲಸಗಾರರೇ, ಸದುದ್ದೇಶದವರೇ. ಆದರೆ ಬಿಸಿ ಮೇಣ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಬಣ್ಣದ ಪದರಗಳೊಳಕ್ಕೂ ಇಳಿಯುತ್ತದೆ. ಹೀಗೆ ಇಳಿದದ್ದನ್ನು ಪೂರ್ತಿಯಾಗಿ ತೆಗೆಯುವ ಉಪಾಯವಿಲ್ಲ.

ಒಳಗನ್ನು ನೋಡುವ ಪ್ರಯತ್ನಗಳು ಶುರುವಾದದ್ದು ಕ್ಷ-ಕಿರಣದಿಂದ. ರಾಂಟ್‌ಜೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ; ಮರುವರ್ಷವೇ ಜರ್ಮನಿಯಲ್ಲಿ ವರ್ಣಚಿತ್ರವನ್ನು ಅದರ ಮುಂದೆ ಹಿಡಿದು ನೋಡಿದರು. ಮುರಿದ ಮೂಳೆಯ ಜೊತೆಜೊತೆಗೇ ಚಿತ್ರಗಳಿಗೂ ಆಸ್ಪತ್ರೆಯ ಭಾಗ್ಯ ಬಂತೆನ್ನಬೇಕು. ಹಳೆಯ ಚಿತ್ರಕಾರರು ಬಿಳಿ ಬಣ್ಣಕ್ಕೆ ಸೀಸದ ಬಿಳಿಯನ್ನು ಬಳಸುತ್ತಿದ್ದರು. ಸೀಸ ಕ್ಷ-ಕಿರಣವನ್ನು ತಡೆಯುತ್ತದೆ, ಆದ್ದರಿಂದ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ. ಅಂಥ ಬಣ್ಣ ಉದುರಿಹೋದ ಜಾಗ ಕಪ್ಪಗೆ ಕಾಣುತ್ತದೆ. ಮೇಲೆ ಯಾರಾದರೂ ಜಾಣತನದಿಂದ ಬಣ್ಣ ಮೆತ್ತಿ ಮುಚ್ಚಿದ್ದರೂ ಮೋಸ ಬಯಲಾಗುತ್ತದೆ. ಕ್ಯಾನ್ವಾಸಿನ ಹರಿದ ಸೀಳು, ಬಟ್ಟೆಯ ಹಾಸುಹೊಕ್ಕುಗಳ ಎಣಿಕೆ, ತುಂಡುಗಳನ್ನು ಸೇರಿಸಿ ಹೊಲಿದ ಗೆರೆ (‘ಇರುಳ ಕಾವಲಿ’ನ ಕ್ಯಾನ್ವಾಸ್ ಮೂರು ಪಟ್ಟಿಗಳನ್ನು ಹೊಲಿದು ಮಾಡಿದ್ದು) ಎಲ್ಲವೂ ಕಾಣುತ್ತವೆ. 1975ರ ದುರ್ಘಟನೆಯ ನಂತರ ಇಡೀ ಚಿತ್ರಕ್ಕೆ ಈ ಪರೀಕ್ಷೆ ನಡೆಯಿತು.

ಅದರಲ್ಲಿ ಒಂದು ತೊಡಕಿದೆ. ಕ್ಷ-ಕಿರಣದ ಫಿಲ್ಮು ಮೇಲಿನದು, ಕೆಳಗಿನದು, ಬೆನ್ನ ಹಿಂದಿನ ಚೌಕಟ್ಟು ಎಲ್ಲವನ್ನೂ ಒಂದೇ ನೆರಳಾಗಿ ಬೆರೆಸಿ ಕೊಡುತ್ತದೆ. 1960ರ ದಶಕದಲ್ಲಿ ಡಚ್ ಭೌತವಿಜ್ಞಾನಿ ವಾನ್ ಆಸ್ಪೆರೆನ್ ಡಿ ಬೂರ್ ರೂಢಿಗೆ ತಂದ ಅವಕೆಂಪು ಕಿರಣದ ವಿಧಾನ ಬಣ್ಣದಡಿಯ ಇದ್ದಿಲು ಗೆರೆಗಳನ್ನು ಸೊಗಸಾಗಿ ತೋರಿಸುತ್ತದೆ. ಆದರೆ ‘ಇರುಳ ಕಾವಲಿ’ನಲ್ಲಿ ರೆಂಬ್ರಾಂಟ್ ಅಡಿಗೆರೆ ಎಳೆದದ್ದು ಇದ್ದಿಲಿನಿಂದಲ್ಲ.

2019ರಲ್ಲಿ ಗಾಜಿನ ಕೋಣೆಗೆ ಬಂದ ಯಂತ್ರಗಳಲ್ಲಿ ಮುಖ್ಯವಾದದ್ದು ಬೇರೆ ಬಗೆಯದು. ಅದೂ ಕ್ಷ-ಕಿರಣವನ್ನೇ ಬಳಸುತ್ತದೆ, ಆದರೆ ನೆರಳು ಹಿಡಿಯುವುದಿಲ್ಲ. ಸೂಜಿಮೊನೆಯಂಥ ಕಿರಣ ಚಿತ್ರದ ಮೇಲೆ ಬಿಂದು ಬಿಂದುವಾಗಿ ಸಾಗುತ್ತದೆ. ಅದು ತಾಗಿದ ಪ್ರತಿಯೊಂದು ಮೂಲಧಾತುವೂ ತನ್ನದೇ ಆದ ಗುರುತಿನ ಕಿರಣವನ್ನು ಮರಳಿ ಸೂಸುತ್ತದೆ. ಸೀಸ ಒಂದು ಬಗೆ, ತಾಮ್ರ ಇನ್ನೊಂದು ಬಗೆ, ಇಂಗಳೀಕದಲ್ಲಿರುವ ಪಾದರಸ ಮತ್ತೊಂದು ಬಗೆ. ಹೀಗೆ ಒಂದೊಂದು ಧಾತುವಿಗೂ ಒಂದೊಂದು ನಕ್ಷೆ ಸಿದ್ಧವಾಗುತ್ತದೆ. ಚಿತ್ರವನ್ನು ಆವರಿಸಲು 56 ಸಲ ಯಂತ್ರವನ್ನು ನಿಲ್ಲಿಸಬೇಕು, ಒಂದೊಂದು ಸಲಕ್ಕೂ ಸುಮಾರು 24 ಗಂಟೆ ಬೇಕು ಎಂದು ಲೆಕ್ಕ ಹಾಕಿದ್ದರು. ಜೊತೆಗೆ 8439 ಛಾಯಾಚಿತ್ರಗಳನ್ನು ತೆಗೆದು ಹೊಲಿದಂತೆ ಜೋಡಿಸಿದರು. 2022ರಲ್ಲಿ ಪ್ರಕಟವಾದ ಆ ಜೋಡಣೆಯಲ್ಲಿ ಒಂದೊಂದು ಚುಕ್ಕೆಯೂ ಮೂಲ ಚಿತ್ರದ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕೆ ಸಮ.

ಕ್ಯಾಲ್ಸಿಯಂ ನಕ್ಷೆಯಲ್ಲಿ ರೆಂಬ್ರಾಂಟನ ಅಡಿಗೆರೆಗಳು ಹೊರಬಿದ್ದವು. ಆತ ಸೀಮೆಸುಣ್ಣ ಬೆರೆಸಿದ ತಿಳಿಕಂದು ಬಣ್ಣದಲ್ಲಿ ಗೆರೆ ಎಳೆದಿದ್ದ. 2021ರ ಡಿಸೆಂಬರಿನಲ್ಲಿ ಈ ಸುದ್ದಿ ಹೊರಬಂದಾಗ ಪಂಡಿತರೆಲ್ಲ ಸಂಭ್ರಮಪಟ್ಟರು. ನಮಗೆ ಅದಕ್ಕಿಂತ ಮುಖ್ಯವೆನಿಸಿದ್ದು ಬಲಗಡೆ ಕೆಳಮೂಲೆಯ ಆ ನಾಯಿ. ಅದರ ಮೈಮೇಲೆ ಬೂದಿ ಎರಚಿದಂಥ ಬಿಳಿ ಮಬ್ಬು ಕವಿದಿತ್ತು; ಇಡೀ ತಪಾಸಣೆಗೆ ಒಂದು ಕಾರಣವೇ ಅದು. ಯಾರೂ ಚಾಕು ಹಾಕದ, ಆಮ್ಲ ಎರಚದ ಜಾಗ! ಹಿಂದಿನವರು ಚೊಕ್ಕಟ ಮಾಡುತ್ತ ಮಾಡುತ್ತ ಮೇಲಿನ ಬಣ್ಣ ಸವೆದು, ಒಳಗಿನದು ಹೊರಗೆ ಇಣುಕುತ್ತಿದೆ.

ಇನ್ನೊಂದು ಒಳಗಾಯ ಕಥೆ ಕೇಳಿದರೆ ನಂಬುವಂಥದ್ದಲ್ಲ: ಚಿತ್ರದೊಳಗೆ ಸಾಬೂನು ಹುಟ್ಟುವುದು. ನಮ್ಮ ಹಿರಿಯರು ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಮನೆಯಲ್ಲೇ ಸಾಬೂನು ಮಾಡಿದ್ದನ್ನು ಕೆಲವರಾದರೂ ನೋಡಿರಬಹುದು. ತೈಲಚಿತ್ರದಲ್ಲಿ ಅಗಸೆ ಎಣ್ಣೆಯ ಕೊಬ್ಬಿನಾಮ್ಲವೂ ಬಣ್ಣದ ಸೀಸವೂ ಸೇರಿ ಸೀಸದ ಸಾಬೂನಾಗುತ್ತದೆ. ಶಾಖ, ತೇವ ಇದಕ್ಕೆ ಕುಮ್ಮಕ್ಕು ಕೊಡುತ್ತವೆ. ಈ ಸಾಬೂನು ಉಂಡೆಗಟ್ಟಿ ಊದಿಕೊಂಡು, ಬೆವರುಸಾಲೆಯ ಗುಳ್ಳೆಗಳ ಹಾಗೆ ಮೇಲಿನ ಬಣ್ಣವನ್ನು ಭೇದಿಸಿಕೊಂಡು ಬರುತ್ತದೆ. 1990ರ ದಶಕದ ಕೊನೆಯಲ್ಲಿ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿ, ರೆಂಬ್ರಾಂಟನದೇ ಆದ, 1632ರ ‘ಡಾಕ್ಟರ್ ಟುಲ್ಪರ ಅಂಗರಚನಾ ಪಾಠ’ವನ್ನು ಪರೀಕ್ಷಿಸುವಾಗ ಪೆಟ್ರಿಯಾ ನೋಬಲ್ ಮತ್ತು ರಸಾಯನವಿಜ್ಞಾನಿ ಯಾಪ್ ಬೋನ್ ಇದರ ಗುಟ್ಟನ್ನು ಬಿಡಿಸಿದರು. ಇದೇ ನೋಬಲ್ ಮುಂದೆ ‘ಇರುಳ ಕಾವಲಿ’ನ ತಪಾಸಣೆಯ ಮುಂದಾಳುಗಳಲ್ಲಿ ಒಬ್ಬರಾದರು. ಆ ಚಿತ್ರದಲ್ಲೂ ಅದೇ ಗುಳ್ಳೆಗಳಿದ್ದವು.

ಸೀಸ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಒಂದು ಅನಿರೀಕ್ಷಿತ ಉತ್ತರ ಸಿಕ್ಕಿತು. 2023ರ ಡಿಸೆಂಬರಿನಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ರೆಂಬ್ರಾಂಟ್ ಬಣ್ಣ ಹಚ್ಚುವ ಮೊದಲೇ ಕ್ಯಾನ್ವಾಸಿಗೆ ಸೀಸ ತುಂಬಿದ ಎಣ್ಣೆಯನ್ನು ಕುಡಿಸಿದ್ದ. ಸೀಸದ ನಕ್ಷೆಯಲ್ಲಿ ಆ ಎಣ್ಣೆ ಹಚ್ಚಿದ ಕೈಯ ಅರ್ಧಚಂದ್ರಾಕಾರದ ಬೀಸುಗಳು ಕೂಡ ಕಾಣುತ್ತವೆ. ಚಿತ್ರ ತೇವದ ಹೊರಗೋಡೆಯ ಮೇಲೆ ನಿಲ್ಲುವುದಿತ್ತು. ಶೀತದಿಂದ ಕಾಪಾಡಲೆಂದು ಆತ ಹೀಗೆ ಮಾಡಿರಬೇಕೆಂದು ವಿಜ್ಞಾನಿಗಳ ಊಹೆ. ಅಂದರೆ ಚಿತ್ರಕ್ಕೆ ಮೊದಲ ಮದ್ದು ಹಾಕಿದವನು ಚಿತ್ರಕಾರನೇ. ಇದನ್ನು ಖಚಿತಪಡಿಸಲು ಕೂದಲೆಳೆಯಷ್ಟು ಸಣ್ಣ ಚೂರೊಂದು ಬೇಕಾಯಿತೆಂಬುದನ್ನೂ ಹೇಳಬೇಕು. ಮುಟ್ಟದೆ ನೋಡುವ ವಿದ್ಯೆ ಎಷ್ಟೇ ಮುಂದುವರಿದರೂ ಒಮ್ಮೊಮ್ಮೆ ಚೂರನ್ನು ಕೇಳುತ್ತದೆ.

ಇದೆಲ್ಲ ತಿಳಿದು ಏನು ಮಾಡಿದರು? ಹೆಚ್ಚೇನೂ ಮಾಡಲಿಲ್ಲ, ಅದೇ ನಮಗೆ ಮೆಚ್ಚಿಗೆಯಾದ ಸಂಗತಿ. ಮ್ಯೂಸಿಯಂ ಕಟ್ಟಡ ನವೀಕರಣವಾಗುತ್ತಿದ್ದ 2003ರಿಂದ 2013ರವರೆಗೆ ಚಿತ್ರ ಪಕ್ಕದ ಭಾಗದಲ್ಲಿದ್ದಾಗ ಎಡಗಡೆಯ ಮೇಲ್ಮೂಲೆಯಲ್ಲಿ ಕ್ಯಾನ್ವಾಸ್ ಅಲೆಅಲೆಯಾಗಿ ಉಬ್ಬಿತ್ತು. 2022ರ ಆರಂಭದಲ್ಲಿ ಹಳೆಯ ಮರದ ಚೌಕಟ್ಟನ್ನು ಬಿಚ್ಚಿ ಅಲ್ಯೂಮಿನಿಯಂ ಚೌಕಟ್ಟಿಗೆ ಹದವಾಗಿ ಬಿಗಿದರು. 1715ರಲ್ಲಿ ಹೋದ ಭಾಗಗಳನ್ನು ಲುಂಡೆನ್ಸನ ಪ್ರತಿಯ ಆಧಾರದಿಂದ ಕಂಪ್ಯೂಟರಿನಲ್ಲಿ ರಚಿಸಿ, 2021ರಲ್ಲಿ ಮೂರು ತಿಂಗಳು ಚಿತ್ರದ ಅಂಚಿಗೆ ಜೋಡಿಸಿ ತೋರಿಸಿದರು, ಆಮೇಲೆ ತೆಗೆದುಬಿಟ್ಟರು. ಅವನ್ನು ಅಲ್ಲೇ ಬಿಡಬೇಕಿತ್ತು ಎಂದವರೂ ಇದ್ದಾರೆ. ನಾವು ಒಪ್ಪುವುದಿಲ್ಲ. ಸಾಬೂನಿನ ಗುಳ್ಳೆಗಳನ್ನು ಯಾರೂ ಕೆತ್ತಿ ತೆಗೆಯಲು ಹೋಗಲಿಲ್ಲ.

ಕೊನೆಗೆ 2024ರ ನವೆಂಬರಿನಲ್ಲಿ, ಜನರ ಕಣ್ಣೆದುರಿನಲ್ಲೇ, ಎಂಟು ಮಂದಿ ಕುಶಲಿಗಳು ವಾರ್ನಿಷ್ ತೆಗೆಯುವ ಕೆಲಸಕ್ಕೆ ಕೈಹಾಕಿದರು. ಉಜ್ಜುವುದು, ಕೆರೆಯುವುದು ಇಲ್ಲ. ದ್ರಾವಕದಲ್ಲಿ ಅದ್ದಿದ ತೆಳುಬಟ್ಟೆಯನ್ನು ಸ್ವಲ್ಪ ಹೊತ್ತು ಚಿತ್ರದ ಮೇಲೆ ಹರಡುತ್ತಾರೆ. ವಾರ್ನಿಷ್ ಬಟ್ಟೆಗೆ ಹೀರಿಕೊಳ್ಳುತ್ತದೆ. ಹೀಗೆ ಹೊರಬರುತ್ತಿರುವುದು ರೆಂಬ್ರಾಂಟನ ಕಾಲದ್ದೇನಲ್ಲ. 1975ರ ಗಾಯಕ್ಕೆ ಹೊಲಿಗೆ ಹಾಕಿದ ಮೇಲೆ ಬಳಿದ ವಾರ್ನಿಷ್.