ಫ್ಲೋರೋಸಿಸ್: ಟೇಕಲ್ ಸೀಮೆಯ ನೀರು ಮತ್ತು ಮೂಳೆ

ನೀರಿನಲ್ಲಿ ಅತಿಯಾದ ಫ್ಲೋರೈಡ್ ವರ್ಷಗಟ್ಟಲೆ ಮೈ ಸೇರಿದಾಗ ಹಲ್ಲು, ಮೂಳೆಗಳ ಖನಿಜದ ಕಟ್ಟು ಕೆಡುವ ರೋಗವೇ ಫ್ಲೋರೋಸಿಸ್. ಕೊಲೊರಾಡೊ ಸ್ಪ್ರಿಂಗ್ಸ್‌ನ ಜನರ ಕಂದುಗಟ್ಟಿದ ಹಲ್ಲುಗಳ ಕಾರಣವನ್ನು ದಂತವೈದ್ಯ ಫ್ರೆಡರಿಕ್ ಮೆಕೇ 1901ರಿಂದ ಹುಡುಕತೊಡಗಿದರು. ಅದು ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ವಸ್ತುವಿನಿಂದ ಬೆನ್ನುಮೂಳೆ ಸೆಟೆದ ರೋಗಿಗಳನ್ನು ವಿವರಿಸಿದರು. ಕೋಲಾರ ಜಿಲ್ಲೆಯ ಪಾಡು ಇದೇ ಚರಿತ್ರೆಯ ಮುಂದಿನ ಅಧ್ಯಾಯ. ಅದನ್ನು ಬರೆದದ್ದು ಕಲ್ಲಿಗಿಂತ ಹೆಚ್ಚಾಗಿ ಕೊಳವೆಬಾವಿಯ ಆಳ.

ಈ ಜಿಲ್ಲೆಯ ಮಾಲೂರು ತಾಲ್ಲೂಕಿನ ಟೇಕಲ್‌ನಲ್ಲಿ ಬೆಟ್ಟವಾಗಿ ನಿಂತಿರುವ ಗ್ರಾನೈಟ್ ಜಾತಿಯ ಬಂಡೆಯೇ ನೆಲದಡಿಯೂ ಹಬ್ಬಿದೆ. ಅದರೊಳಗಿನ ಅಪಟೈಟ್, ಬಯೊಟೈಟ್‌ಗಳಿಂದ ಫ್ಲೋರೈಡ್ ನೀರಿಗೆ ಸೇರುತ್ತದೆ. ಕೆರೆ ತುಂಬಿ ತೆರೆದ ಬಾವಿಗೆ ಇಳಿದ ಮಳೆನೀರು ಬಂಡೆಯ ಸಂಗದಲ್ಲಿ ಹೆಚ್ಚು ಕಾಲ ಇರುವುದಿಲ್ಲ. ಸಾವಿರ ಅಡಿ ಕೆಳಗಿನ ಬಿರುಕುಗಳ ನೀರು ಬಹುಕಾಲದಿಂದ ಅಲ್ಲೇ ನಿಂತದ್ದು. ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಗಟ್ಟಿಯಾಗಿ ಉಳಿದುಬಿಡುವುದರಿಂದ, ಅದು ಹಿಡಿದಿಡಬೇಕಿದ್ದ ಫ್ಲೋರೈಡ್ ನೀರಿನಲ್ಲೇ ಕರಗಿರುತ್ತದೆ. ನೆಲ್ಲೂರಿನ ರೋಗಿಗಳ ಕಾಲಕ್ಕೆ ಇಂಥ ಆಳದ ಕೊಳವೆಬಾವಿಗಳೇ ಇರಲಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೇಲಿನ ನೀರೆಲ್ಲ ಶುದ್ಧವೆಂದು ಯಾರೂ ಹೇಳಲಾರರು. ಆದರೆ ಆ ಆಕ್ಷೇಪದಿಂದ ಸಿದ್ಧವಾಗುವುದು ಕಲ್ಲಿನಲ್ಲಿ ವಿಷವಿತ್ತು ಎಂಬುದಷ್ಟೆ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳ ಜಿಲ್ಲೆಯಲ್ಲಿ ಹೂಳು, ಒತ್ತುವರಿಗಳಿಂದ ಕೆರೆ ಸೊರಗಿ, ಬಾವಿ ಬತ್ತಿ, ಊರಿಗೂರೇ ಆಳದ ನೀರಿಗೆ ಬಾಯೊಡ್ಡಬೇಕಾದದ್ದು ಮನುಷ್ಯರ ಕೆಲಸ.

ಫ್ಲೋರೈಡ್ ಮೂಳೆಯನ್ನು ಗಟ್ಟಿ ಮಾಡುತ್ತದೆ, ಖನಿಜದ ಕಟ್ಟು ಕೆಡುವುದೆಲ್ಲಿ ಬಂತು ಎಂದೂ ಕೇಳುವುದುಂಟು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ದಟ್ಟವಾಗಿ ಕಾಣುವುದು ನಿಜ. ಆ ದಟ್ಟಣೆಯ ಒಳಗೇ ಖನಿಜ ತುಂಬದ ಹೊಸ ಮೂಳೆ ಇರುತ್ತದೆ. ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳಲ್ಲಿ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಮೊಣಕಾಲು ಕೂಡುವ ಈ ಸ್ಥಿತಿಯನ್ನು 1973ರಲ್ಲೇ ವರದಿ ಮಾಡಿದರು. ಹಲ್ಲಿನ ಸಾಕ್ಷಿ ಇನ್ನೂ ಸ್ಪಷ್ಟ: ಸುಣ್ಣದಂಥ ಮಾಸಲು ಅಡ್ಡಗೆರೆ, ಆಮೇಲೆ ಅದರ ಮೇಲೆ ಕಂದು ಬಣ್ಣ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಎನಾಮಲ್ ಸರಂಧ್ರವಾಗುವುದರಿಂದ ಉಜ್ಜಿದರೆ ಈ ಕಲೆ ಹೋಗದು. ನೂರು ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುವ ರಾಗಿ ಇಲ್ಲಿನ ಜನರಿಗೆ ಆಸರೆ, ಆದರೆ ಮುದ್ದೆ ತೊಳಸುವುದೂ ಅದೇ ನೀರಿನಲ್ಲಿ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕದ ಮಿತಿ. ಶುದ್ಧ ನೀರಿನ ಘಟಕಗಳು ಇದನ್ನು ಸಾಧಿಸಬಲ್ಲವು, ಆದರೆ ಫ್ಲೋರೈಡಿನ ಜತೆ ಕ್ಯಾಲ್ಸಿಯಂ ಕೂಡ ತೆಗೆಯುತ್ತವೆ. ಘಟಕದಿಂದ ಕ್ಯಾನಿನಲ್ಲಿ ತರುವ ನೀರು ಕುಡಿಯಲಷ್ಟೇ ಸಾಲುತ್ತದೆ, ಅಡುಗೆಗೆ ನಲ್ಲಿ ನೀರೇ ಗತಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟು ಮಾಲೂರಿಗೂ ಮೇಲ್ಮೈ ನೀರು ಕೊಡುವ ಯೋಜನೆ. ಕೆರೆ ತುಂಬಿ ಅಂತರ್ಜಲ ಏರಿತೆಂಬ ಲೆಕ್ಕವೊಂದೇ ಸಾಲದು: ಕೆರೆಯ ಸುತ್ತಲಿನ ಪ್ರತಿ ಬೋರಿನ ಫ್ಲೋರೈಡ್ ಪ್ರಮಾಣವನ್ನು ಮಳೆಗಾಲದ ಮೊದಲೂ ನಂತರವೂ ಅಳೆದು, ಆ ಊರಿನ ಶಾಲೆಯ ಗೋಡೆಯ ಮೇಲೆ ಬರೆಸಬೇಕು.