‘ಬರೆದಾಯಿತು’ ಎಂಬ ಮಾತು: ವರ್ಚುಯಲ್ ಯಂತ್ರಗಳಲ್ಲಿ ಸ್ಥಾಯಿ ಸ್ಮೃತಿಯ ಅಸಮಕಾಲಿಕ ಫ್ಲಷ್ ವಿಧಾನದ ಇತಿಹಾಸ

೧

ಅಂಗಡಿಯ ಗುಮಾಸ್ತನು ‘ಲೆಕ್ಕ ಬರೆದಾಯಿತು’ ಎಂದರೆ ಆ ಮಾತಿಗೆ ಎರಡು ಅರ್ಥಗಳು ಸಾಧ್ಯ. ಕೈಗೆ ಸಿಕ್ಕ ಚೀಟಿಯಲ್ಲಿ ಗುರುತು ಹಾಕಿಕೊಂಡೆನೆಂಬುದು ಒಂದು. ಕಿರ್ದಿ ಪುಸ್ತಕಕ್ಕೆ ಏರಿಸಿದೆನೆಂಬುದು ಇನ್ನೊಂದು. ಅಂದಿನ ವ್ಯಾಪಾರವು ಯಾವ ಅರ್ಥದಿಂದಲಾದರೂ ನಡೆದುಹೋಗುತ್ತದೆ. ಚೀಟಿ ಕಳೆದುಹೋದ ದಿನ ಮಾತ್ರ ಇವೆರಡರ ಅಂತರವು ಗೋಚರವಾಗುತ್ತದೆ. ಗಣಕಯಂತ್ರಗಳ ಇತಿಹಾಸದಲ್ಲಿ ಈ ಅಂತರವು ಅರ್ಧ ಶತಮಾನಕ್ಕೆ ಕಡಿಮೆಯಿಲ್ಲದೆ ಬಾಳಿಬಂದ ಪ್ರಶ್ನೆಯಾಗಿದೆ. ಯಂತ್ರದ ಮೇಲೆ ಯಂತ್ರವನ್ನೂ ಪದರದ ಮೇಲೆ ಪದರವನ್ನೂ ಕಟ್ಟುತ್ತ ಹೋದಂತೆ ಅದು ಹೊಸ ಹೊಸ ರೂಪದಲ್ಲಿ ತಲೆಯೆತ್ತಿದೆ.

ಪ್ರಕೃತ ಲೇಖನದಲ್ಲಿ ನಾವು ಅದರ ಒಂದು ಇತ್ತೀಚಿನ ರೂಪವನ್ನು ವಿಚಾರಿಸುತ್ತೇವೆ. ತಂತ್ರಾಂಶದಿಂದ ನಿರ್ಮಿತವಾದ ಕಲ್ಪಿತ ಯಂತ್ರಕ್ಕೆ ವರ್ಚುಯಲ್ ಯಂತ್ರವೆಂದು ಹೆಸರು. ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಯನ್ನು ಇಲ್ಲಿ ಸ್ಥಾಯಿ ಸ್ಮೃತಿಯೆಂದು ಕರೆಯುತ್ತೇವೆ. ಬರೆದದ್ದನ್ನು ನಡುವಣ ತಂಗುದಾಣಗಳಿಂದ ಹೊರಡಿಸಿ ಅಳಿಯದ ಎಡೆಗೆ ಮುಟ್ಟಿಸುವ ಕ್ರಿಯೆಯೇ ಫ್ಲಷ್. ಕೆಲಸವನ್ನು ಒಪ್ಪಿಸಿ, ಅದು ಮುಗಿಯುವವರೆಗೆ ಯಂತ್ರವನ್ನೆಲ್ಲ ತಡೆದು ನಿಲ್ಲಿಸದೆ, ಮುಗಿದ ಮೇಲೆ ಸಮಾಚಾರವನ್ನು ಪಡೆಯುವ ಕ್ರಮಕ್ಕೆ ಅಸಮಕಾಲಿಕವೆಂದು ಹೆಸರು. ಈ ಕ್ರಮವೆಂದರೆ ವೇಗಕ್ಕಾಗಿ ಭದ್ರತೆಯನ್ನು ಬಿಟ್ಟುಕೊಟ್ಟದ್ದೆಂಬ ಭಾವನೆ ಸಾಮಾನ್ಯವಾಗಿದೆ. ಇತಿಹಾಸವನ್ನು ಪರಿಶೀಲಿಸಿದರೆ ಸಂಗತಿಯು ಬಹುಮಟ್ಟಿಗೆ ಇದಕ್ಕೆ ವಿಪರೀತವಾಗಿದೆ ಎಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

೨

ಮೊದಲು ಸ್ಮೃತಿಯ ಚರಿತ್ರೆ. ೧೯೫೩ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ವರ್ಲ್‌ವಿಂಡ್ ಯಂತ್ರಕ್ಕೆ ಅಯಸ್ಕಾಂತೀಯ ಕೋರ್ ಸ್ಮೃತಿಯನ್ನು ಅಳವಡಿಸಲಾಯಿತು. ಸಣ್ಣ ಸಣ್ಣ ಉಂಗುರಗಳ ಕಾಂತತ್ವದ ದಿಕ್ಕಿನಲ್ಲಿ ಸೊನ್ನೆ ಒಂದುಗಳನ್ನು ಹಿಡಿದಿಡುವ ಈ ಸ್ಮೃತಿಯು ವಿದ್ಯುತ್ತು ನಿಂತರೂ ತನ್ನಲ್ಲಿದ್ದುದನ್ನು ಮರೆಯುತ್ತಿರಲಿಲ್ಲ. ಹೀಗಿರಲಾಗಿ ಸ್ಥಾಯಿ ಸ್ಮೃತಿಯನ್ನು ಇಪ್ಪತ್ತೊಂದನೆಯ ಶತಮಾನದ ಆವಿಷ್ಕಾರವೆಂದು ಹೇಳುವುದು ಸರಿಯಲ್ಲ. ೧೯೭೦ರಲ್ಲಿ ಇಂಟೆಲ್ ಸಂಸ್ಥೆಯು ೧೧೦೩ ಎಂಬ, ೧೦೨೪ ಬಿಟ್‌ಗಳ ಅರೆವಾಹಕ ಸ್ಮೃತಿಯನ್ನು ಮಾರುಕಟ್ಟೆಗೆ ತಂದಿತು. ಅಗ್ಗವೂ ಅಡಕವೂ ಆದ ಈ ಜಾತಿಯ ಸ್ಮೃತಿಯು ಕೋರ್ ಸ್ಮೃತಿಯನ್ನು ಕ್ರಮೇಣ ಹೊರದೂಡಿತು. ಆದರೆ ಇದರಲ್ಲಿನ ಬರೆಹವು ನೀರ ಮೇಲಿನ ಬರೆಹ. ವಿದ್ಯುತ್ತು ಕಡಿದೊಡನೆ ಎಲ್ಲವೂ ಅಳಿಸಿಹೋಗುತ್ತದೆ. ಅಂದಿನಿಂದ ವೇಗವು ಸ್ಮೃತಿಯ ಪಾಲಿಗೂ ಸ್ಥಿರತೆಯು ಡಿಸ್ಕಿನ ಪಾಲಿಗೂ ಹಂಚಿಹೋದವು. ಇವೆರಡರ ನಡುವೆ ದೂತನಾಗಿ ನಿಂತದ್ದು ಕಾರ್ಯಾಚರಣ ವ್ಯವಸ್ಥೆ.

ಈ ದೂತನ ನಡತೆಯನ್ನು ಯೂನಿಕ್ಸ್ ವ್ಯವಸ್ಥೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಹಳೆಯ ಯೂನಿಕ್ಸಿನಲ್ಲಿ ‘ಸಿಂಕ್’ ಎಂಬ ಆದೇಶವಿದ್ದಿತು. ಅದು ಸ್ಮೃತಿಯಲ್ಲಿ ತಂಗಿದ್ದ ಬರೆಹಗಳನ್ನು ಡಿಸ್ಕಿಗೆ ಕಳುಹಿಸುವ ಏರ್ಪಾಡನ್ನು ಮಾತ್ರ ಮಾಡಿ ಹಿಂದಿರುಗುತ್ತಿತ್ತು; ಬರೆಹವು ಮುಟ್ಟಿತೆಂದು ಮಾತು ಕೊಡುತ್ತಿರಲಿಲ್ಲ. ಯಂತ್ರವನ್ನು ನಿಲ್ಲಿಸುವ ಮುನ್ನ ಆದೇಶವನ್ನು ಮೂರು ಸಲ ಕೊಡಬೇಕೆಂಬ ಪ್ರತೀತಿಯು ಯಂತ್ರಚಾಲಕರಲ್ಲಿ ಹುಟ್ಟಿದ್ದು ಇದರಿಂದಲೇ. ೧೯೮೩ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯದ ೪.೨ ಬಿ.ಎಸ್.ಡಿ. ವ್ಯವಸ್ಥೆಯು ‘ಎಫ್‌ಸಿಂಕ್’ ಎಂಬ ಕರೆಯನ್ನು ಒದಗಿಸಿತು. ಇದು ಒಂದು ಕಡತದ ಬರೆಹವೆಲ್ಲ ಮುಟ್ಟುವವರೆಗೆ ಕಾದು ಅನಂತರ ಉತ್ತರ ಕೊಡುತ್ತದೆ. ‘ಬರೆದಾಯಿತು’ ಎಂಬ ಮಾತಿಗೆ ಖಚಿತವಾದ ಅರ್ಥವನ್ನು ಕಟ್ಟಿಕೊಟ್ಟ ಈ ಕರೆಯು ದತ್ತಾಂಶ ವ್ಯವಸ್ಥೆಗಳ ಆಧಾರಸ್ತಂಭವಾಯಿತು.

ಆ ಸ್ತಂಭವೂ ಅಲುಗಾಡದೆ ಇರಲಿಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ಡಿಸ್ಕಿಗೆ ಬರೆಯುವುದು ವಿಫಲವಾದರೆ ಎಫ್‌ಸಿಂಕ್ ಕರೆಯು ದೋಷವನ್ನು ಒಮ್ಮೆ ತಿಳಿಸಿ, ಬರೆಯಲಾಗದ ಪುಟವನ್ನು ಶುದ್ಧವೆಂದು ಗುರುತಿಸಿಬಿಡಬಹುದಾಗಿತ್ತು. ಎರಡನೆಯ ಬಾರಿ ಕೇಳಿದರೆ ಜಯವೆಂಬ ಉತ್ತರ ಬರುತ್ತಿತ್ತು; ಬರೆಹ ಮಾತ್ರ ಡಿಸ್ಕಿನಲ್ಲಿ ಇರುತ್ತಿರಲಿಲ್ಲ. ೨೦೧೮ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಾಂಶ ವ್ಯವಸ್ಥೆಯ ನಿರ್ಮಾಪಕರು ಇದನ್ನು ಚರ್ಚೆಗೆ ತಂದರು. ೨೦೧೯ರ ಫೆಬ್ರವರಿಯ ಆವೃತ್ತಿಗಳಲ್ಲಿ, ಎಫ್‌ಸಿಂಕ್ ವಿಫಲವಾದರೆ ಮರುಪ್ರಯತ್ನ ಮಾಡದೆ ವ್ಯವಸ್ಥೆಯನ್ನೇ ನಿಲ್ಲಿಸಿ, ಮುಂಚೆ ಬರೆದಿಟ್ಟ ದಿನಚರಿಯಿಂದ ಪುನಃ ಕಟ್ಟುವ ನಿಯಮವನ್ನು ತಂದರು. ಸುಳ್ಳು ಉತ್ತರಕ್ಕಿಂತ ನಿಂತುಹೋಗುವುದೇ ಲೇಸೆಂಬುದು ಇಲ್ಲಿ ಒಪ್ಪಿಕೊಂಡ ತತ್ತ್ವ. ಈ ತತ್ತ್ವವು ಮುಂದೆ ನಮ್ಮ ವಿಷಯಕ್ಕೂ ಬರುತ್ತದೆ.

೩

ಇನ್ನು ಕಲ್ಪಿತ ಯಂತ್ರದ ಚರಿತ್ರೆ. ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ೧೯೬೪ರಲ್ಲಿ ಮೊದಲಾದ ಸಿ.ಪಿ.-೪೦ ಯೋಜನೆಯು ೧೯೬೭ರಲ್ಲಿ ಬಳಕೆಗೆ ಬಂದಿತು. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಕಾಣಿಸುವ ಈ ವಿದ್ಯೆಯು ೧೯೭೨ರಲ್ಲಿ ವಿ.ಎಂ./೩೭೦ ಎಂಬ ಹೆಸರಿನಿಂದ ಗ್ರಾಹಕರಿಗೆ ದೊರೆಯಿತು. ೧೯೭೪ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದರ ಲಕ್ಷಣವನ್ನು ನಿರೂಪಿಸಿದರು. ಕಲ್ಪಿತ ಯಂತ್ರದಲ್ಲಿ ನಡೆವ ಕಾರ್ಯಕ್ರಮದ ಫಲವು ನಿಜಯಂತ್ರದಲ್ಲಿ ನಡೆದಾಗಿನ ಫಲಕ್ಕೆ ಸಮನಾಗಿರಬೇಕು. ಆದರೆ ಸಾಧನಗಳ ಲಭ್ಯತೆಯಿಂದಲೂ ಕಾಲದ ಹೆಚ್ಚು ಕಡಿಮೆಯಿಂದಲೂ ಉಂಟಾಗುವ ವ್ಯತ್ಯಾಸವನ್ನು ಮನ್ನಿಸಬಹುದು ಎಂಬುದು ಅದರ ಒಂದು ಮುಖ್ಯಾಂಶ. ವಾಚಕರು ಈ ವಿನಾಯಿತಿಯನ್ನು ಗಮನದಲ್ಲಿಡಬೇಕು. ಹೊತ್ತು ಬೇರೆಯಾಗಬಹುದು, ಫಲ ಬೇರೆಯಾಗಕೂಡದು. ಅಸಮಕಾಲಿಕ ಫ್ಲಷ್ ವಿಧಾನದ ಸಮರ್ಥನೆಯೆಲ್ಲವೂ ಬೀಜರೂಪದಲ್ಲಿ ಇಲ್ಲಿದೆ.

ಸಾಮಾನ್ಯ ಗಣಕಗಳಲ್ಲಿ ಈ ವಿದ್ಯೆಯನ್ನು ಹರಡಿದವುಗಳಲ್ಲಿ ಫ್ಯಾಬ್ರಿಸ್ ಬೆಲಾರ್ಡ್ ಎಂಬ ಫ್ರೆಂಚ್ ತಂತ್ರಜ್ಞರು ೨೦೦೩ರಲ್ಲಿ ಪ್ರಕಟಿಸಿದ ಕ್ಯೂಎಮು ಎಂಬ ಎಮ್ಯುಲೇಟರ್ ಪ್ರಮುಖವಾದುದು. ೨೦೦೭ರ ಫೆಬ್ರವರಿಯಲ್ಲಿ ಲಿನಕ್ಸಿನೊಳಗೆ ಕೆ.ವಿ.ಎಂ. ಸೇರಿದ ಮೇಲೆ ಇವೆರಡೂ ಜೋಡಿಯಾಗಿ ಕೆಲಸ ಮಾಡತೊಡಗಿದವು. ಇವುಗಳ ಪರಿಭಾಷೆಯಲ್ಲಿ ನಿಜವಾದ ಯಂತ್ರವು ಆತಿಥೇಯ, ಅದರೊಳಗಿನ ಕಲ್ಪಿತ ಯಂತ್ರವು ಅತಿಥಿ. ಅತಿಥಿಗೆ ತಾನು ಬೇರೊಬ್ಬರ ಮನೆಯಲ್ಲಿರುವುದು ತಿಳಿಯಬೇಕಾಗಿಲ್ಲವೆಂಬುದು ಮೂಲ ಆದರ್ಶ. ಅತಿಥಿಯು ತಿಳಿದೇ ಸಹಕರಿಸಿದರೆ ಕೆಲಸ ಸುಗಮವಾಗುವುದೆಂದು ೨೦೦೮ರಲ್ಲಿ ರಸ್ಟಿ ರಸೆಲ್ ಅವರು ‘ವರ್ಟ್‌ಐಒ’ ಎಂಬ ಸಂವಾದ ಕ್ರಮವನ್ನು ಮಂಡಿಸಿದರು.

೪

ಈ ಎರಡು ಧಾರೆಗಳು ಕೂಡಿದ್ದು ೨೦೧೫ರ ಅನಂತರ. ಆ ವರ್ಷದ ಜುಲೈಯಲ್ಲಿ ಇಂಟೆಲ್ ಮತ್ತು ಮೈಕ್ರಾನ್ ಸಂಸ್ಥೆಗಳು ‘ತ್ರೀಡಿ ಕ್ರಾಸ್‌ಪಾಯಿಂಟ್’ ಎಂಬ ಹೊಸ ಸ್ಥಾಯಿ ಸ್ಮೃತಿಯನ್ನು ಪ್ರಕಟಿಸಿದವು. ೨೦೧೯ರಲ್ಲಿ ಆಪ್ಟೇನ್ ಎಂಬ ಹೆಸರಿನಲ್ಲಿ ೧೨೮, ೨೫೬ ಮತ್ತು ೫೧೨ ಗಿಗಾಬೈಟ್‌ಗಳ ಫಲಕಗಳು ಮಾರಾಟಕ್ಕೆ ಬಂದವು. ಇಂಥ ಸ್ಮೃತಿಯಲ್ಲಿ ಬರೆಹವನ್ನು ಸ್ಥಿರಗೊಳಿಸಲು ಎಫ್‌ಸಿಂಕ್ ಬೇಕಿಲ್ಲ. ಸಂಸ್ಕಾರಕದ ಕ್ಯಾಶಿನಲ್ಲಿ ಉಳಿದುದನ್ನು ಹೊರಕ್ಕೆ ಕಳುಹಿಸುವ ಯಂತ್ರಾದೇಶವೊಂದಿದ್ದರೆ ಸಾಕು. ೨೦೧೮ರ ಜನವರಿಯ ಲಿನಕ್ಸ್ ೪.೧೫ರಲ್ಲಿ ಇದಕ್ಕಾಗಿ ‘ಮ್ಯಾಪ್ ಸಿಂಕ್’ ಎಂಬ ಸೌಲಭ್ಯವು ಸೇರಿತು. ಅದನ್ನು ಕೋರಿ ಪಡೆದ ಕಾರ್ಯಕ್ರಮವು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳದೆ ತಾನೇ ಬರೆಹವನ್ನು ಭದ್ರಪಡಿಸಿಕೊಳ್ಳಬಹುದು.

ಕ್ಯೂಎಮು ತನ್ನ ೨.೬ನೆಯ ಆವೃತ್ತಿಯಿಂದ, ಎಂದರೆ ೨೦೧೬ರಿಂದ, ಅತಿಥಿಗೆ ಕಲ್ಪಿತ ಸ್ಥಾಯಿ ಸ್ಮೃತಿಯನ್ನು ಒದಗಿಸುತ್ತ ಬಂದಿದೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ. ಆತಿಥೇಯನಲ್ಲಿ ನಿಜವಾದ ಸ್ಥಾಯಿ ಸ್ಮೃತಿ ಇಲ್ಲದೆ, ಡಿಸ್ಕಿನ ಮೇಲಣ ಸಾಧಾರಣ ಕಡತವನ್ನೇ ಅತಿಥಿಗೆ ಸ್ಮೃತಿಯೆಂದು ತೋರಿಸಲಾಗಿದೆ ಎಂದಿಟ್ಟುಕೊಳ್ಳೋಣ. ಅತಿಥಿಯು ಯಂತ್ರಾದೇಶವನ್ನು ಕೊಟ್ಟು ಬರೆಹವು ಭದ್ರವಾಯಿತೆಂದು ನಂಬುತ್ತದೆ. ವಾಸ್ತವದಲ್ಲಿ ಬರೆಹವು ಆತಿಥೇಯನ ಸಾಧಾರಣ ಸ್ಮೃತಿಯವರೆಗೆ ಬಂದಿದೆಯೇ ಹೊರತು ಡಿಸ್ಕನ್ನು ಮುಟ್ಟಿಲ್ಲ. ಆ ಕ್ಷಣದಲ್ಲಿ ಆತಿಥೇಯನ ವಿದ್ಯುತ್ತು ಹೋದರೆ, ಅತಿಥಿಯೊಳಗಣ ದತ್ತಾಂಶ ವ್ಯವಸ್ಥೆಯು ತನ್ನ ಬಳಕೆದಾರನಿಗೆ ಕೊಟ್ಟ ಮಾತು ಸುಳ್ಳಾಗುತ್ತದೆ. ಹಣ ಸಂದಾಯವಾಯಿತೆಂದು ಹೇಳಿದ ಲೆಕ್ಕದಲ್ಲಿ ಸಂದಾಯದ ಗುರುತೇ ಇರುವುದಿಲ್ಲ. ಯಾರೂ ಸುಳ್ಳಾಡಲಿಲ್ಲ, ಆದರೂ ಪದರಗಳ ನಡುವೆ ಸತ್ಯವು ಕಳೆದುಹೋಯಿತು.

ಪರಿಹಾರವಾಗಿ ಬಂದದ್ದು ‘ವರ್ಟ್‌ಐಒ-ಪಿಮೆಮ್’ ಎಂಬ ಕಲ್ಪಿತ ಸಾಧನ. ೨೦೧೯ರಲ್ಲಿ ಇದು ಕ್ಯೂಎಮು ೪.೧ ಮತ್ತು ಲಿನಕ್ಸ್ ೫.೩ ಆವೃತ್ತಿಗಳಲ್ಲಿ ಸೇರಿತು. ಇದರ ಕ್ರಮ ಸರಳವಾದುದು. ಅತಿಥಿಯಲ್ಲಿ ಯಾವುದಾದರೂ ಕಾರ್ಯಕ್ರಮವು ಎಫ್‌ಸಿಂಕ್ ಮಾಡಿದರೆ ಅತಿಥಿಯ ಚಾಲಕ ತಂತ್ರಾಂಶವು ಆತಿಥೇಯನಿಗೆ ಫ್ಲಷ್ ಕೋರಿಕೆಯನ್ನು ಕಳುಹಿಸುತ್ತದೆ. ಕ್ಯೂಎಮು ಆ ಕೋರಿಕೆಯನ್ನು ಬೇರೊಂದು ಕೆಲಸಗಾರ ಎಳೆಗೆ ಒಪ್ಪಿಸುತ್ತದೆ. ಆ ಎಳೆಯು ಕಡತದ ಮೇಲೆ ನಿಜವಾದ ಎಫ್‌ಸಿಂಕ್ ನಡೆಸಿ, ಜಯವಾದರೆ ಜಯವೆಂದೂ ದೋಷವಾದರೆ ದೋಷವೆಂದೂ ಹಿಂದಿರುಗಿಸುತ್ತದೆ. ಡಿಸ್ಕಿನ ಕೆಲಸಕ್ಕೆ ಹಿಡಿಯುವ ಹೊತ್ತು ಸಂಸ್ಕಾರಕದ ಗತಿಗೆ ಹೋಲಿಸಿದರೆ ಬಹು ದೀರ್ಘ. ಇದನ್ನು ಒಡನೊಡನೆ ಕಾದು ಮಾಡಿದ್ದರೆ ಅಷ್ಟು ಹೊತ್ತೂ ಅತಿಥಿಯು ಸ್ತಬ್ಧವಾಗಿ ನಿಲ್ಲಬೇಕಾಗುತ್ತಿತ್ತು. ಅಸಮಕಾಲಿಕ ಕ್ರಮದಲ್ಲಿ ಕೋರಿಕೆ ಸಲ್ಲಿಸಿದ ಕಾರ್ಯಕ್ರಮವೊಂದೇ ಕಾಯುತ್ತದೆ. ಉಳಿದವು ತಮ್ಮ ಕೆಲಸದಲ್ಲಿ ಮುಂದುವರಿಯುತ್ತವೆ. ಆದಕಾರಣ ಇಲ್ಲಿ ಬದಲಾದುದು ಯಾರು ಕಾಯಬೇಕೆಂಬುದೇ ಹೊರತು ಮಾತಿನ ಅರ್ಥವಲ್ಲ.

ಇದರೊಂದಿಗೇ ಬಂದ ಇನ್ನೊಂದು ತಿದ್ದುಪಡಿಯು ನಮ್ಮ ದೃಷ್ಟಿಯಲ್ಲಿ ಸಾಧನಕ್ಕಿಂತಲೂ ಮಹತ್ತ್ವದ್ದು. ಅಸಮಕಾಲಿಕ ಫ್ಲಷ್ ಬೇಕಾಗುವ ಸಾಧನದ ಮೇಲೆ ಮ್ಯಾಪ್ ಸಿಂಕ್ ಸೌಲಭ್ಯವನ್ನು ಕೋರಿದರೆ ಇಎಕ್ಸ್‌ಟಿ೪ ಮತ್ತು ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಗಳು ಅದನ್ನು ನಿರಾಕರಿಸುತ್ತವೆ. ಯಂತ್ರಾದೇಶ ಮಾತ್ರದಿಂದ ಭದ್ರತೆ ದೊರೆಯದ ಎಡೆಯಲ್ಲಿ ದೊರೆಯುವುದೆಂದು ಹೇಳಲು ಅವು ಒಪ್ಪುವುದಿಲ್ಲ. ಕಲ್ಪಿತ ವಸ್ತುವು ನಿಜವಸ್ತುವಿನಂತೆಯೇ ಕಾಣಬೇಕೆಂಬ ಹಳೆಯ ಆದರ್ಶವನ್ನು ಇಲ್ಲಿ ತಿಳಿದೂ ತಿಳಿದೂ ಬಿಟ್ಟುಕೊಡಲಾಯಿತು. ಸೋಗು ಕಡಿಮೆಯಾಯಿತು, ಸತ್ಯ ಉಳಿಯಿತು.

ಐ.ಬಿ.ಎಂ.ನ ಪವರ್ ಜಾತಿಯ ಯಂತ್ರಗಳಲ್ಲಿಯೂ ಇದೇ ಪ್ರಶ್ನೆಯು ಬೇರೆ ಮಾರ್ಗದಿಂದ ಇತ್ಯರ್ಥವಾಯಿತು. ೨೦೨೧ರ ಲಿನಕ್ಸ್ ೫.೧೩ರಲ್ಲಿಯೂ ೨೦೨೨ರ ಕ್ಯೂಎಮು ೭.೦ರಲ್ಲಿಯೂ ಫ್ಲಷ್‌ಗಾಗಿ ಒಂದು ಹೈಪರ್‌ಕಾಲ್, ಎಂದರೆ ಅತಿಥಿಯು ತನ್ನ ಒಡೆಯ ತಂತ್ರಾಂಶಕ್ಕೆ ನೇರವಾಗಿ ಕೊಡುವ ಕರೆ, ಸೇರಿತು. ಕೆಲಸ ಮುಗಿಯದಿದ್ದರೆ ಒಡೆಯನು ‘ಇನ್ನೂ ನಡೆಯುತ್ತಿದೆ’ ಎಂದು ಹೇಳಿ ಒಂದು ಟೋಕನ್ ಕೊಡುತ್ತಾನೆ. ಅತಿಥಿಯು ಸ್ವಲ್ಪ ಹೊತ್ತಿನ ಮೇಲೆ ಅದೇ ಟೋಕನ್ ತೋರಿಸಿ ಮತ್ತೆ ವಿಚಾರಿಸುತ್ತದೆ. ಈ ನಡುವೆ ಅತಿಥಿಯನ್ನೇ ಬೇರೊಂದು ಆತಿಥೇಯ ಯಂತ್ರಕ್ಕೆ ಸ್ಥಳಾಂತರಿಸಿದರೆ ಗತಿಯೇನು? ಮುಗಿಯದೆ ಉಳಿದ ಕೋರಿಕೆಗಳು ಅತಿಥಿಯ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತವೆ. ಹೊಸ ಎಡೆಯಲ್ಲಿ ಅವುಗಳ ಫ್ಲಷ್ ಮೊದಲಿನಿಂದ ನಡೆಯುತ್ತದೆ. ಮನೆ ಬದಲಾದರೂ ಋಣ ಬದಲಾಗದು.

೫

ಇಷ್ಟರಲ್ಲಿ ಮೂಲವಸ್ತುವಿನ ಕಥೆಯು ಮುಗಿಯುತ್ತ ಬಂದಿದ್ದಿತು. ೨೦೨೧ರ ಮಾರ್ಚಿಯಲ್ಲಿ ಮೈಕ್ರಾನ್ ಸಂಸ್ಥೆಯು ಈ ಉದ್ಯಮದಿಂದ ಹಿಂದೆಗೆಯುವುದಾಗಿ ತಿಳಿಸಿತು. ೨೦೨೨ರ ಜುಲೈಯಲ್ಲಿ ಇಂಟೆಲ್ ತನ್ನ ಆಪ್ಟೇನ್ ವ್ಯವಹಾರವನ್ನು ಮುಚ್ಚುವುದಾಗಿ ಪ್ರಕಟಿಸಿತು. ವಸ್ತುವು ಅಳಿದರೆ ಅದರ ಅನುಕರಣವೂ ಅಳಿಯಬೇಕೆಂದು ತೋರುವುದು ಸಹಜ. ಆದರೆ ವರ್ಟ್‌ಐಒ-ಪಿಮೆಮ್ ಅಳಿಯಲಿಲ್ಲ; ವರ್ಟ್‌ಐಒ ನಿಯಮಾವಳಿಯ ೧.೨ನೆಯ ಆವೃತ್ತಿಯಲ್ಲಿ ಅದು ೨೭ನೆಯ ಸಂಖ್ಯೆಯ ಸಾಧನವಾಗಿ ಸ್ಥಾನ ಪಡೆಯಿತು. ಕಾರಣ ಸ್ಪಷ್ಟವಾಗಿದೆ. ಅದಕ್ಕೆ ನಿಜವಾದ ಸ್ಥಾಯಿ ಸ್ಮೃತಿಯ ಆಸರೆ ಮೊದಲಿನಿಂದಲೂ ಬೇಕಿರಲಿಲ್ಲ. ಸಾಧಾರಣ ಡಿಸ್ಕಿನ ಮೇಲಣ ಕಡತವೇ ಸಾಕಾಗಿತ್ತು. ಒಂದೇ ದತ್ತಾಂಶದ ಪ್ರತಿಯನ್ನು ಅತಿಥಿಯೂ ಆತಿಥೇಯನೂ ಎರಡೆರಡು ಸಲ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ದುಂದನ್ನು ತಪ್ಪಿಸುವುದು ಅದರ ಮುಖ್ಯ ಪ್ರಯೋಜನ. ಆ ಪ್ರಯೋಜನವು ಆಪ್ಟೇನ್ ಫಲಕಗಳನ್ನು ಅವಲಂಬಿಸಿರಲಿಲ್ಲ.

ತಂತ್ರವಿದ್ಯೆಯ ಇತಿಹಾಸವನ್ನು ವಸ್ತುಗಳ ಇತಿಹಾಸವಾಗಿ ಬರೆಯುವ ವಾಡಿಕೆಯಿದೆ. ಯಾವ ಯಂತ್ರವು ಎಂದು ಹುಟ್ಟಿತು, ಯಾವುದು ಎಂದು ಅಳಿಯಿತು ಎಂಬ ಪಟ್ಟಿಯಲ್ಲಿ ಆಪ್ಟೇನ್ ಒಂದು ವಿಫಲ ಪ್ರಯತ್ನವಾಗಿ ಮುಗಿದುಹೋಗುತ್ತದೆ. ಕೊಟ್ಟ ಮಾತುಗಳ ಇತಿಹಾಸವನ್ನು ಬರೆದರೆ ಚಿತ್ರವೇ ಬೇರೆ. ಮಾತು ಕೊಡದ ಸಿಂಕ್, ಮಾತು ಕೊಟ್ಟ ಎಫ್‌ಸಿಂಕ್, ಕೊಟ್ಟ ಮಾತನ್ನು ಪದರಗಳ ಮೂಲಕ ಡಿಸ್ಕಿನವರೆಗೂ ಒಯ್ದು ಉತ್ತರವನ್ನು ಹಿಂದಕ್ಕೆ ತರುವ ಅಸಮಕಾಲಿಕ ಫ್ಲಷ್ — ಇವು ಒಂದೇ ಸರಪಳಿಯ ಕೊಂಡಿಗಳು. ಕಾಯದೆ ನಡೆಸುವುದು ಅಪಾಯವಲ್ಲ. ಸಾಕ್ಷಿಯಿಲ್ಲದೆ ನಡೆಸುವುದು ಅಪಾಯ. ಕೋರಿಕೆಗೆ ಟೋಕನ್ ಇದ್ದು, ದೋಷಕ್ಕೆ ದಾರಿ ಇದ್ದು, ಆಗದುದನ್ನು ಆಗದೆನ್ನುವ ನಿಯಮವಿದ್ದರೆ ವಿಳಂಬದಿಂದ ಸತ್ಯಕ್ಕೆ ಹಾನಿಯಿಲ್ಲ.

ಬ್ಯಾಂಕಿನ ಲೆಕ್ಕವಾಗಲಿ ಆಸ್ಪತ್ರೆಯ ದಾಖಲೆಯಾಗಲಿ ಇಂದು ಬಹುಸಂಖ್ಯೆಯಲ್ಲಿ ಕಲ್ಪಿತ ಯಂತ್ರಗಳೊಳಗೆ ಬರೆಯಲ್ಪಡುತ್ತಿವೆ. ಮುಂದಿನ ತಲೆಮಾರಿನ ಇತಿಹಾಸಕಾರರಿಗೆ ಆಕರಗಳಾಗತಕ್ಕವೂ ಇವೇ. ಶಾಸನದ ಕಲ್ಲನ್ನೂ ಓಲೆಯ ಗರಿಯನ್ನೂ ಪರೀಕ್ಷಿಸುವಂತೆ, ಈ ಬರೆಹಗಳು ಯಾವ ಭರವಸೆಯ ಮೇಲೆ ನಿಂತಿವೆ ಎಂಬುದನ್ನೂ ಪರೀಕ್ಷಿಸುವುದು ನಮ್ಮ ಶಾಸ್ತ್ರದ ಕರ್ತವ್ಯಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.