ನೀಸೆ ದ ಸಿಲ್ವೇರಾ ಮತ್ತು ಬಣ್ಣದ ಚಿಕಿತ್ಸೆ

ಬಣ್ಣ, ಜೇಡಿಮಣ್ಣು, ಸಾಕುಪ್ರಾಣಿ ಮತ್ತು ಒಡನಾಟದಿಂದ ಮನೋರೋಗಿಗಳನ್ನು ಉಪಚರಿಸುವ ಪದ್ಧತಿಯೊಂದನ್ನು ಬ್ರೆಜಿಲ್‌ನ ಮನೋವೈದ್ಯೆ ನೀಸೆ ದ ಸಿಲ್ವೇರಾ (1905–1999) ರೂಪಿಸಿದರು. ಮಸೆಯೊದಲ್ಲಿ ಹುಟ್ಟಿದ ಅವರು 1926ರಲ್ಲಿ ಬಹಿಯಾದಲ್ಲಿ ವೈದ್ಯಕೀಯ ಪದವಿ ಪಡೆದಾಗ ಇಡೀ ತರಗತಿಗೆ ಅವರೊಬ್ಬರೇ ಹೆಣ್ಣುಮಗಳು. ಎಡಪಂಥೀಯರೆಂಬ ಆರೋಪದ ಮೇಲೆ 1936ರಲ್ಲಿ ಸೆರೆಮನೆ ಸೇರಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಸರ್ಕಾರಿ ಸೇವೆಗೆ ಮರಳಲು ಸಾಧ್ಯವಾದದ್ದು 1944ರಲ್ಲಿ, ರಿಯೊ ಡಿ ಜನೈರೊದ ಎಂಜೆನ್ಯೊ ದೆ ದೆಂತ್ರೊ ಬಡಾವಣೆಯ ಮನೋರೋಗ ಆಸ್ಪತ್ರೆಯಲ್ಲಿ.

ಅಷ್ಟರಲ್ಲಿ ಆಸ್ಪತ್ರೆಗಳಿಗೆ ವಿದ್ಯುದಾಘಾತ, ಇನ್ಸುಲಿನ್ ಕೋಮಾ, ಮಿದುಳನ್ನು ಕೊಯ್ಯುವ ಲೋಬೋಟಮಿಯಂಥ ಚಿಕಿತ್ಸೆಗಳು ಬಂದಿದ್ದವು. ವಿದ್ಯುದಾಘಾತದ ಗುಂಡಿ ಒತ್ತಲು ನೀಸೆ ಒಪ್ಪಲಿಲ್ಲ. ಹೀಗಾಗಿ ಅವರ ಪಾಲಿಗೆ ಉಳಿದದ್ದು ಯಾರಿಗೂ ಬೇಡವಾಗಿದ್ದ ಕೆಲಸ-ಚಿಕಿತ್ಸೆಯ ವಿಭಾಗ. ಕಸ ಗುಡಿಸುವುದು, ಬಟ್ಟೆ ಒಗೆಯುವುದೇ ಅಲ್ಲಿ ಚಿಕಿತ್ಸೆ ಎನಿಸಿಕೊಂಡಿತ್ತು. 1946ರಲ್ಲಿ ನೀಸೆ, ಯುವ ಚಿತ್ರಕಾರ ಅಲ್ಮೀರ್ ಮಾವಿನ್ಯೆ ಅವರ ನೆರವಿನಿಂದ, ಚಿತ್ರಶಾಲೆಯೊಂದನ್ನು ತೆರೆದರು. ಇಂಥದ್ದನ್ನೇ ಬರೆಯಿರಿ ಎಂದು ಯಾರೂ ಹೇಳುತ್ತಿರಲಿಲ್ಲ, ಬರೆದದ್ದನ್ನು ತಿದ್ದುತ್ತಲೂ ಇರಲಿಲ್ಲ; ಪಕ್ಕದಲ್ಲಿ ಅಕ್ಕರೆಯಿಂದ ಕೂತಿರುವ ಒಬ್ಬರು ಮಾತ್ರ ಇರಲೇಬೇಕಿತ್ತು. ಈ ಪದ್ಧತಿಯ ಜೀವಾಳ ಇಲ್ಲಿದೆ. ಬಣ್ಣಕ್ಕಿಂತ ಆ ಸಾನ್ನಿಧ್ಯವೇ ದೊಡ್ಡ ಮದ್ದೆಂದು ನೀಸೆ ನಂಬಿದ್ದರು. ಬೀದಿನಾಯಿ, ಬೆಕ್ಕುಗಳನ್ನೂ ಅವರು ಸಹಚಿಕಿತ್ಸಕರೆಂದೇ ಕರೆದರು.

ಎರಡು ದಶಕಗಳಿಗೂ ಹೆಚ್ಚು ಕಾಲ ಆಸ್ಪತ್ರೆಯೊಳಗೇ ಕಳೆದಿದ್ದ ಎಮಿಜಿಯೊ ದೆ ಬಾರುಸ್ ಇಲ್ಲಿ ಕುಂಚ ಹಿಡಿದರು. ಅವರ ಚಿತ್ರಗಳನ್ನು ಕಲಾ ವಿಮರ್ಶಕ ಮಾರಿಯೊ ಪೆದ್ರೋಸ ಮೆಚ್ಚಿಕೊಂಡರು. 1949ರಲ್ಲಿ ಈ ಚಿತ್ರಶಾಲೆಯ ಒಂಬತ್ತು ಮಂದಿಯ ಕೃತಿಗಳು ಸಾವೊ ಪಾಲೊ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. ಆದರೂ ಚಿತ್ರಗಳನ್ನು ಮಾರಲು ನೀಸೆ ಬಿಡಲಿಲ್ಲ. ಒಬ್ಬರು ವರ್ಷಗಟ್ಟಲೆ ಬರೆದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಮಾತ್ರ ಅವರ ಒಳಗಿನ ನಡೆ ತಿಳಿಯುತ್ತದೆ ಎಂಬುದು ಅವರ ವಾದವಾಗಿತ್ತು. ಒಂದೇ ಚಿತ್ರ ನೋಡಿ ರೋಗದ ಹೆಸರು ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. 1952ರಲ್ಲಿ ಸ್ಥಾಪನೆಯಾದ 'ಅಚೇತನದ ಬಿಂಬಗಳ ಸಂಗ್ರಹಾಲಯ' ಹುಟ್ಟಿದ್ದು ಈ ವಾದದಿಂದಲೇ. ಇಂದು ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕೃತಿಗಳಿವೆ.

ರೋಗಿಗಳ ಚಿತ್ರಗಳಲ್ಲಿ ಮತ್ತೆ ಮತ್ತೆ ಮೂಡುತ್ತಿದ್ದ ವೃತ್ತಗಳು ಮಂಡಲಗಳೇ ಎಂದು ಕೇಳಿ 1954ರಲ್ಲಿ ನೀಸೆ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್‌ಗೆ ಪತ್ರ ಬರೆದರು. ಹೌದೆಂಬ ಉತ್ತರ ಬಂತು. 1957ರಲ್ಲಿ ಜ್ಯೂರಿಕ್‌ನ ಮನೋವೈದ್ಯರ ಸಮ್ಮೇಳನದಲ್ಲಿ ಏರ್ಪಟ್ಟ ಈ ಚಿತ್ರಗಳ ಪ್ರದರ್ಶನವನ್ನು ಯೂಂಗ್ ಅವರೇ ಉದ್ಘಾಟಿಸಿದರು.

ಬಿಡುಗಡೆಯಾದವರು ಮತ್ತೆ ಮತ್ತೆ ಆಸ್ಪತ್ರೆಗೆ ಮರಳುವುದನ್ನು ಕಂಡು 1956ರಲ್ಲಿ ನೀಸೆ ಗೆಳೆಯರೊಡನೆ 'ಕಾಸಾ ದಾಸ್ ಪಾಲ್ಮೇರಾಸ್' ಎಂಬ ಹಗಲು ಕೇಂದ್ರವನ್ನು ತೆರೆದರು. ಅದರ ಬಾಗಿಲಿಗೆ ಬೀಗವಿರಲಿಲ್ಲ. 'ಕೆಲಸ-ಚಿಕಿತ್ಸೆ' ಎಂಬ ಹೆಸರು ಅವರಿಗೆ ಸರಿಬರಲಿಲ್ಲ. ಅಲ್ಲಿಗೆ ಬರುತ್ತಿದ್ದವರೊಬ್ಬರ ಬಾಯಿಂದ ಬಂದ 'ಕೈಯಾಡಿಸುವಾಗಿನ ಭಾವ' ಎಂಬರ್ಥದ ಮಾತನ್ನೇ ಅವರು ತಮ್ಮ ಪದ್ಧತಿಗೆ ಹೆಸರಾಗಿ ಇಟ್ಟುಕೊಂಡರು. ಎಂಜೆನ್ಯೊ ದೆ ದೆಂತ್ರೊದ ಆಸ್ಪತ್ರೆಗೆ ಮುಂದೆ ನೀಸೆ ಅವರ ಹೆಸರನ್ನೇ ಇಡಲಾಯಿತು.